ಮುಳ್ಳು ನೋಡಿ ಮೋಸ ಹೋದೆ: ಕೊಳೆತ ‘ಕ್ಯಾಕ್ಟಸ್ ಗಾರ್ಡನ್’ ರಿಪೇರಿಯ ದಿನಚರಿ

ಎಂಟು ತಿಂಗಳ ಹಿಂದೆ ಉಡುಗೊರೆಯಾಗಿ ಬಂದ ಬೋಗುಣಿ ಇದು. ಬಿಳಿ ಪಿಂಗಾಣಿ, 25 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಆಳ. ಒಳಗೆ ಏಳು ಪುಟ್ಟ ಗಿಡ, ಮೇಲೆ ಬಣ್ಣದ ಕಲ್ಲು, ಪಕ್ಕದಲ್ಲಿ ಕಡ್ಡಿಗೆ ಸಿಕ್ಕಿಸಿದ ಚೀಟಿ: ‘ಕ್ಯಾಕ್ಟಸ್ ಗಾರ್ಡನ್’. ನೀರು ಎಷ್ಟು ಹಾಕಬೇಕು ಅಂತ ಅದರ ಮೇಲೆ ಬರೆದಿರಲಿಲ್ಲ. ಬೋಗುಣಿಯ ತಳದಲ್ಲಿ ತೂತೂ ಇರಲಿಲ್ಲ.

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಏಳರಲ್ಲಿ ಒಂದು, ಗುಲಾಬಿ ಹೂವಿನ ಹಾಗೆ ಎಲೆ ಜೋಡಿಸಿಕೊಂಡ ಗಿಡ, ಕೆಳಗಿನ ಎಲೆಗಳನ್ನು ಸುಕ್ಕು ಮಾಡಿಕೊಳ್ಳತೊಡಗಿತು. ಪಾಪ, ಬಾಯಾರಿದೆ ಅಂದುಕೊಂಡು ವಾರಕ್ಕೊಂದು ಲೋಟ ನೀರು ಹಾಕಿದೆ. ಅದು ಚೇತರಿಸಿಕೊಂಡಿತು. ಉಳಿದವು ಒಂದೊಂದಾಗಿ ಮೆತ್ತಗಾದವು.

1ನೇ ದಿನ: ಬಿಚ್ಚುವ ಕೆಲಸ

ಬೆಳಿಗ್ಗೆ ಹತ್ತಿರ ಹೋದಾಗ ಕೊಳೆತ ತರಕಾರಿಯ ವಾಸನೆ. ಕೆಂಪು ಚೆಂಡು ಹೊತ್ತ ಗಿಡ ಒಂದು ಬದಿಗೆ ವಾಲಿತ್ತು. ಬುಡ ಒತ್ತಿದರೆ ಬೆರಳು ಒಳಗೇ ಹೋಯಿತು.

ಮೇಲಿನ ಬಣ್ಣದ ಕಲ್ಲು ತೆಗೆಯೋಣ ಅಂದರೆ ಬರಲೊಲ್ಲದು. ಸುಮ್ನೆ ಹರಡಿದ ಕಲ್ಲಲ್ಲ, ಅಂಟು ಹಾಕಿ ಹಪ್ಪಳದ ಹಾಗೆ ಕೂರಿಸಿದ್ದರು. ಸ್ಕ್ರೂಡ್ರೈವರ್ ತೂರಿಸಿ ಮೀಟಿದ ಮೇಲೆ ತುಂಡು ತುಂಡಾಗಿ ಎದ್ದಿತು. ಕೆಳಗಿದ್ದದ್ದು ಮಣ್ಣಲ್ಲ, ಕಪ್ಪಗಿನ ಪೀಟ್, ಅಂದರೆ ಜೌಗಿನಲ್ಲಿ ಅರೆಕೊಳೆತ ಪಾಚಿಯ ಪುಡಿ. ಪೂರ್ತಿ ಒಣಗಿದರೆ ನೀರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ, ಒಮ್ಮೆ ನೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಅದರ ಕೆಳಗೆ ಎರಡು ಬೆರಳಿನಷ್ಟು ಜಲ್ಲಿ, ಜಲ್ಲಿಯಲ್ಲಿ ನಿಂತ ನೀರು.

ತಳಕ್ಕೆ ಜಲ್ಲಿ ಹಾಕಿದರೆ ನೀರು ಇಳಿಯುತ್ತದೆ ಅನ್ನುವುದನ್ನು ನಾನೂ ನಂಬಿದ್ದವನೇ. ಒದ್ದೆ ಸ್ಪಂಜನ್ನು ಅಡ್ಡವಾಗಿ ಹಿಡಿದು ನೋಡಿ. ಕೆಳಗೆ ಬರೀ ಗಾಳಿ ಇದ್ದರೂ ಸ್ಪಂಜಿನ ಕೆಳಭಾಗ ನೀರು ಹಿಡಿದುಕೊಂಡೇ ಇರುತ್ತದೆ. ಕುಂಡದ ಮಣ್ಣೂ ಹಾಗೇ. ಜಲ್ಲಿ ಹಾಕಿದರೆ ಒದ್ದೆ ಪದರ ಬೇರಿನ ಹತ್ತಿರಕ್ಕೆ ಏರುತ್ತದೆ, ಅಷ್ಟೇ.

ಇನ್ನೊಂದು ಆಶ್ಚರ್ಯ: ಪ್ರತಿ ಗಿಡದ ಬೇರಿನ ಸುತ್ತ ಒಂದೊಂದು ಪುಟ್ಟ ಬಲೆಯ ಚೀಲ. ಸಸಿ ಬೆಳೆಸುವಾಗ ಹಾಕಿದ್ದು, ನೆಡುವಾಗ ಹಾಗೇ ಬಿಟ್ಟಿದ್ದರು. ಬಲೆಯನ್ನು ಚಿಕ್ಕ ಕತ್ತರಿಯಲ್ಲಿ ಕತ್ತರಿಸಿ ಬಿಡಿಸುವುದಕ್ಕೇ ಒಂದು ಗಂಟೆ ಹಿಡಿಯಿತು.

ಏಳು ಗಿಡಗಳನ್ನೂ ಪೇಪರ್ ಮೇಲೆ ಹರಡಿ ಎರಡು ಗುಂಪು ಮಾಡಿದೆ. ಮುಳ್ಳಿರುವುದು ಕ್ಯಾಕ್ಟಸ್, ಇಲ್ಲದ್ದು ಸಕ್ಯುಲೆಂಟ್, ಅಂದರೆ ಮೈಯಲ್ಲಿ ನೀರು ತುಂಬಿಕೊಂಡ ದಪ್ಪ ಗಿಡ. ಸುಲಭ ಅಲ್ವಾ? ಮುಳ್ಳಿನ ಕಡೆ ನಾಲ್ಕು: ಹಳದಿ ಮುಳ್ಳಿನ ಗೋಲ್ಡನ್ ಬ್ಯಾರೆಲ್, ಬಿಳಿ ಮುಳ್ಳಿನ ಮ್ಯಾಮಿಲೇರಿಯಾ, ಕೆಂಪು ಚೆಂಡಿನ ಮೂನ್ ಕ್ಯಾಕ್ಟಸ್, ಮತ್ತೆ ಮೂರು ಏಣಿನ ಉದ್ದನೆಯ ಹಸಿರು ಕಂಬ. ಮುಳ್ಳಿಲ್ಲದ ಕಡೆ ಮೂರು: ಗುಲಾಬಿಯಾಕಾರದ ಎಚೆವೇರಿಯಾ, ಜೇಡ್ ಗಿಡ, ಬಿಳಿ ಪಟ್ಟೆಯ ಹವೋರ್ತಿಯಾ.

ಈ ವಿಂಗಡಣೆ ತಪ್ಪು. ಅದು ಗೊತ್ತಾಗಿದ್ದು ಅದೇ ದಿನ ಮಧ್ಯಾಹ್ನ, ಕಣ್ಣಿಗೆ ಬೆಂಕಿ ಬಿದ್ದ ಮೇಲೆ.

1ನೇ ದಿನ, ಮಧ್ಯಾಹ್ನ: ಕತ್ತರಿಸಿದ್ದು

ಕೊಳೆತ ಗಿಡ ಉಳಿಸಬೇಕಾದರೆ ಒಳ್ಳೆಯ ಭಾಗ ಸಿಗುವವರೆಗೂ ಕತ್ತರಿಸುತ್ತಾ ಮೇಲೆ ಹೋಗಬೇಕು. ಪ್ರತಿ ಸಲ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು, ಇಲ್ಲದಿದ್ದರೆ ನಾವೇ ಕೊಳೆಯನ್ನು ಮೇಲಕ್ಕೆ ಸಾಗಿಸಿದ ಹಾಗೆ.

ಮೊದಲು ಮ್ಯಾಮಿಲೇರಿಯಾ. ಅದರ ನೆತ್ತಿಯ ಮೇಲೊಂದು ಗುಲಾಬಿ ಬಣ್ಣದ ಹೂವಿತ್ತು. ಎಂಟು ತಿಂಗಳಿಂದ ಬಾಡದ ಹೂವು! ಎಳೆದು ನೋಡಿದರೆ ಒಣಹೂವನ್ನು ಬಿಸಿ ಅಂಟಿನಲ್ಲಿ ಅಂಟಿಸಿದ್ದು. ಗಿಡ ಬೆಳೆಯುವುದು ನೆತ್ತಿಯಿಂದ, ಅಲ್ಲೇ ಪ್ಲಾಸ್ಟಿಕ್ ಅಂಟಿನ ಬಿಲ್ಲೆ. ನಿಜವಾದ ಮ್ಯಾಮಿಲೇರಿಯಾ ಹೂವು ನಟ್ಟ ನಡುವೆ ಒಂಟಿಯಾಗಿ ಕೂರುವುದಿಲ್ಲ, ನೆತ್ತಿಯ ಸುತ್ತ ಬಳೆಯ ಹಾಗೆ ಸಾಲಾಗಿ ಬರುತ್ತದೆ. ಕತ್ತರಿಸಿದೆ. ಒಳಗೆ ಕಿತ್ತಳೆ ಬಣ್ಣ. ಇನ್ನೊಂದು ಬಿಲ್ಲೆ ತೆಗೆದೆ, ಮತ್ತೂ ಕಿತ್ತಳೆ. ನೆತ್ತಿಯವರೆಗೂ ಅದೇ. ಕಸದ ಬುಟ್ಟಿಗೆ ಹೋಯಿತು.

ಆಮೇಲೆ ಮೂನ್ ಕ್ಯಾಕ್ಟಸ್. ಇದು ಒಂದು ಗಿಡವಲ್ಲ, ಕಸಿ ಮಾಡಿದ ಎರಡು ಗಿಡ. ಮೇಲಿನ ಕೆಂಪು ಚೆಂಡು ಜಿಮ್ನೊಕ್ಯಾಲಿಸಿಯಂ ಎಂಬ ಕ್ಯಾಕ್ಟಸ್‌ನ ಹಸಿರಿಲ್ಲದ ರೂಪ. ಹಸಿರಿಲ್ಲ ಅಂದರೆ ತನ್ನ ಊಟ ತಾನು ಮಾಡಿಕೊಳ್ಳಲಾರದು. ಕೆಳಗಿನ ಮೂರು ಏಣಿನ ಹಸಿರು ಕಾಂಡ ಡ್ರ್ಯಾಗನ್ ಫ್ರೂಟ್ ಬಳ್ಳಿಯದು, ಅನ್ನ ಹಾಕುವುದು ಅದೇ. ಕೊಳೆತದ್ದೂ ಅದೇ. ಬುಡದಿಂದ ಮೂರು ಸೆಂಟಿಮೀಟರ್ ಕತ್ತರಿಸಿದ ಮೇಲೆ ಒಳಗೆ ತಿಳಿಹಸಿರು, ನಡುವೆ ಬಳೆಯಂಥ ಬಿಳಿ ಉಂಗುರ ಸ್ವಚ್ಛವಾಗಿ ಕಂಡಿತು. ಉಂಗುರದಲ್ಲಿ ಒಂದೇ ಒಂದು ಕಂದು ಚುಕ್ಕಿ ಇದ್ದರೂ ಇನ್ನಷ್ಟು ಕತ್ತರಿಸಬೇಕು. ಗಾಯದಲ್ಲಿ ನೀರಿನಂಥ ಲೋಳೆ ಒಸರಿತು. ಉಳಿದ ಕಾಂಡ ಐದು ಸೆಂಟಿಮೀಟರ್. ಸಾಕು.

ಮೂರನೆಯದು ಮೂರು ಏಣಿನ ಕಂಬ. ಪಕ್ಕಪಕ್ಕ ಇಟ್ಟರೆ ಡ್ರ್ಯಾಗನ್ ಫ್ರೂಟ್ ಕಾಂಡಕ್ಕೂ ಇದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಅದೇ ಹಸಿರು, ಅದೇ ಮೂರು ಏಣು, ಏಣಿನ ಮೇಲೆ ಅದೇ ಥರದ ಚಿಕ್ಕ ಮುಳ್ಳು. ಬ್ಲೇಡ್ ಇಟ್ಟೆ.

ಹಾಲು. ಒಸರಿದ್ದಲ್ಲ, ತೊಟ್ಟಿಕ್ಕಿದ್ದು. ಬ್ಲೇಡ್, ಬೆರಳು, ಪೇಪರ್ ಎಲ್ಲಾ ಬೆಳ್ಳಗಾಯಿತು. ಬಟ್ಟೆಯಲ್ಲಿ ಕೈ ಒರೆಸಿಕೊಂಡೆ, ಸಾಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಣೆಯ ಬೆವರು ಒರೆಸುವಾಗ ಬೆರಳು ಎಡಗಣ್ಣಿಗೆ ತಗುಲಿತು.

ಉರಿ ಅಂದರೆ ಎಂಥ ಉರಿ! ನಲ್ಲಿ ಕೆಳಗೆ ಕಣ್ಣು ಬಿಟ್ಟುಕೊಂಡು ಇಪ್ಪತ್ತು ನಿಮಿಷ ತೊಳೆದೆ, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಎರಡು ದಿನ ಕೆಂಪಗಿತ್ತು, ಆಮೇಲೆ ಸರಿಹೋಯಿತು. ಇದರಲ್ಲಿ ಧೈರ್ಯ ತೋರಿಸಬೇಡಿ. ಈ ಹಾಲು ಕಣ್ಣಿನ ಕರಿಗುಡ್ಡೆಯ ಮೇಲ್ಪದರವನ್ನು ಸುಡಬಲ್ಲದು. ಕೈಗವಸು, ಕನ್ನಡಕ ಎರಡೂ ಬೇಕು.

3ನೇ ದಿನ: ಮತ್ತೊಮ್ಮೆ ವಿಂಗಡಣೆ, ಈ ಸಲ ಭೂತಗನ್ನಡಿ ಹಿಡಿದು

ಕಣ್ಣು ಸರಿಯಾದ ಮೇಲೆ ಮಾಡಿದ ಮೊದಲ ಕೆಲಸ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ತೆಗೆದುಕೊಂಡು ಮುಳ್ಳಿನ ಬುಡ ನೋಡಿದ್ದು. ಮುಳ್ಳನ್ನಲ್ಲ, ಬುಡವನ್ನು.

ಗೋಲ್ಡನ್ ಬ್ಯಾರೆಲ್‌ನ ಏಣಿನ ಮೇಲೆ ಸಾಲಾಗಿ ಪುಟ್ಟ ಪುಟ್ಟ ದಿಂಬುಗಳಿವೆ. ಉಣ್ಣೆಯ ಉಂಡೆಯ ಹಾಗೆ, ಹಳದಿ ಮಿಶ್ರಿತ ಬಿಳಿ. ಒಂದೊಂದು ದಿಂಬಿನಿಂದ ಹತ್ತಾರು ಮುಳ್ಳು ಸೂಜಿಗಳ ಹಾಗೆ ಹೊರಟಿವೆ. ಈ ದಿಂಬಿಗೆ ಸಸ್ಯಶಾಸ್ತ್ರದಲ್ಲಿ ಏರಿಯೋಲ್ ಅಂತ ಹೆಸರು. ಅದು ಕುಗ್ಗಿ ಕುಳ್ಳಾದ ಒಂದು ಕೊಂಬೆ. ಮುಳ್ಳುಗಳು ಆ ಕೊಂಬೆಯ ಎಲೆಗಳು, ಗಟ್ಟಿಯಾಗಿ ಚೂಪಾದವು. ಹೂವು, ಹೊಸ ಕವಲು ಬರುವುದೂ ಇಂಥ ದಿಂಬಿನಿಂದಲೇ. ಮ್ಯಾಮಿಲೇರಿಯಾ ಮಾತ್ರ ದಿಂಬನ್ನು ಎರಡಾಗಿ ಹಂಚಿಕೊಂಡು ಹೂವನ್ನು ಗುಬುಟುಗಳ ಸಂದಿಯಿಂದ ಬಿಡುತ್ತದೆ. ದಿಂಬು ಇದ್ದರೆ ಕ್ಯಾಕ್ಟಸ್, ಇಲ್ಲದಿದ್ದರೆ ಅಲ್ಲ. ಇದೊಂದೇ ನಂಬಬಹುದಾದ ಗುರುತು.

ಡ್ರ್ಯಾಗನ್ ಫ್ರೂಟ್ ಕಾಂಡದಲ್ಲೂ ದಿಂಬಿತ್ತು. ಏಣಿನ ಕಚ್ಚುಗಳಲ್ಲಿ, ಬೂದು ಬಣ್ಣದ ಚುಕ್ಕಿಯ ಹಾಗೆ, ಅದರಿಂದ ಎರಡು ಮೂರು ಗಿಡ್ಡ ಮುಳ್ಳು. ಬರಿಗಣ್ಣಿಗೆ ಕೊಳೆ ಅಂತ ಕಾಣುವಷ್ಟು ಸಣ್ಣದು.

ಹಾಲಿನ ಕಂಬದಲ್ಲಿ ದಿಂಬೇ ಇಲ್ಲ. ಮುಳ್ಳು ಜೋಡಿ ಜೋಡಿಯಾಗಿ, ಏಣಿನ ಅಂಚಿನ ಸಿಪ್ಪೆಯೇ ಎದ್ದು ಚೂಪಾದ ಹಾಗೆ. ಜೋಡಿಯ ನಡುವೆ ಚಮಚದಾಕಾರದ ಪುಟ್ಟ ಎಲೆ, ಅಥವಾ ಎಲೆ ಉದುರಿದ ಕಲೆ. ಇದು ಯೂಫೋರ್ಬಿಯಾ ಟ್ರೈಗೋನಾ, ಆಫ್ರಿಕಾ ಮೂಲದ್ದು. ಕ್ಯಾಕ್ಟಸ್ ಕುಟುಂಬ ಅಮೆರಿಕ ಖಂಡಗಳದ್ದು. ರಿಪ್ಸಾಲಿಸ್ ಬ್ಯಾಕ್ಸಿಫೆರಾ ಎಂಬ ಒಂದೇ ಜಾತಿ ಆಫ್ರಿಕಾ, ಮಡಗಾಸ್ಕರ್, ಶ್ರೀಲಂಕಾಗಳಲ್ಲೂ ತಾನಾಗಿ ಬೆಳೆಯುತ್ತದೆ. ನಡುವೆ ಸಾಗರ ಇದ್ದರೂ ಎರಡು ಕುಟುಂಬಗಳು ಒಂದೇ ಆಕಾರಕ್ಕೆ ಬಂದು ನಿಂತಿವೆ. ನೀರಿಲ್ಲದ ಕಡೆ ಕಾಂಡ ಊದಿಸಿಕೋ, ಎಲೆ ಕಳಚು, ಮುಳ್ಳು ಬೆಳೆಸು. ಇಬ್ಬರಿಗೂ ಸಿಕ್ಕಿದ ಉತ್ತರ ಅದೇ.

ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ‘ಕಳ್ಳಿ ಹಾಲು’ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಹಾಲು ಬರುವ ಆ ಕಳ್ಳಿ ಯೂಫೋರ್ಬಿಯಾ. ಪಾಪಾಸುಕಳ್ಳಿ ಮಾತ್ರ ನಿಜವಾದ ಕ್ಯಾಕ್ಟಸ್, ಅದು ಅಮೆರಿಕದಿಂದ ಬಂದ ಗಿಡ. ನಮ್ಮ ಭಾಷೆ ಎರಡಕ್ಕೂ ಕಳ್ಳಿ ಅಂದುಬಿಟ್ಟಿದೆ. ಕ್ಯಾಕ್ಟಸ್ ಅಂದರೆ ಕಳ್ಳಿ, ಕಳ್ಳಿ ಅಂದರೆ ಕ್ಯಾಕ್ಟಸ್ ಅಂತ ನಾನು ತಲೆಯಲ್ಲಿ ಇಟ್ಟುಕೊಂಡಿದ್ದೆ. ಹಾಲಿನ ವಿಷಯ ಗೊತ್ತಿದ್ದೂ ಕಣ್ಣಿಗೆ ಹಚ್ಚಿಕೊಂಡೆ.

ಹಾಲು ಬಂದರೆ ಯೂಫೋರ್ಬಿಯಾ ಅಂತ ನಿಯಮ ಮಾಡಿಕೊಳ್ಳುವಂತೆಯೂ ಇಲ್ಲ. ಮ್ಯಾಮಿಲೇರಿಯಾದ ಕೆಲವು ಜಾತಿಗಳಲ್ಲೂ ಬಿಳಿ ಹಾಲಿದೆ. ಮುಳ್ಳಿಲ್ಲದಿದ್ದರೆ ಕ್ಯಾಕ್ಟಸ್ ಅಲ್ಲ ಅನ್ನುವುದೂ ಸುಳ್ಳು. ರಾತ್ರಿ ಅರಳುವ, ಅನೇಕರು ಬ್ರಹ್ಮಕಮಲ ಎಂದು ಕರೆಯುವ ಗಿಡ ಕ್ಯಾಕ್ಟಸ್ಸೇ, ಎಪಿಫಿಲ್ಲಂ. ಅದರಲ್ಲಿ ಎಲೆ ಅಂತ ನಾವು ನೋಡುವುದು ಚಪ್ಪಟೆಯಾದ ಕಾಂಡ. ಮೊಗ್ಗು ‘ಎಲೆ’ಯ ಅಂಚಿನಿಂದ ಬರುತ್ತದಲ್ಲ, ಆ ಕಚ್ಚಿನಲ್ಲಿ ದಿಂಬು ಅಡಗಿದೆ. ಪೆರೆಸ್ಕಿಯಾ ಎಂಬ ಕ್ಯಾಕ್ಟಸ್‌ಗಂತೂ ಮಾಮೂಲಿ ಗಿಡದ ಹಾಗೆ ಅಗಲವಾದ ಎಲೆಗಳೇ ಇವೆ.

ಸಕ್ಯುಲೆಂಟ್ ಅನ್ನುವುದು ಕುಟುಂಬದ ಹೆಸರಲ್ಲ, ಅದು ಒಂದು ಅಭ್ಯಾಸದ ಹೆಸರು. ಎಲೆಯಲ್ಲೋ ಕಾಂಡದಲ್ಲೋ ಬೇರಲ್ಲೋ ನೀರು ಕೂಡಿಟ್ಟುಕೊಳ್ಳುವವರೆಲ್ಲಾ ಸಕ್ಯುಲೆಂಟ್. ಲೋಳೆಸರ, ಕತ್ತಾಳೆ, ಕಾಡುಬಸಳೆ, ಎಲ್ಲವೂ. ಕ್ಯಾಕ್ಟಸ್‌ಗಳು ಆ ದೊಡ್ಡ ಗುಂಪಿನ ಒಳಗಿನ ಒಂದು ಕುಟುಂಬ. ಅದರಲ್ಲಿ 1,500ಕ್ಕೂ ಹೆಚ್ಚು ಜಾತಿಗಳಿವೆ.

ಹೊಸ ಲೆಕ್ಕ: ಉಳಿದ ಆರರಲ್ಲಿ ಕ್ಯಾಕ್ಟಸ್ ಎರಡು, ಮೂನ್ ಕ್ಯಾಕ್ಟಸನ್ನು ಎರಡು ಗಿಡ ಅಂತ ಎಣಿಸಿದರೆ ಮೂರು. ಉಳಿದ ನಾಲ್ಕು ಕ್ಯಾಕ್ಟಸ್ ಅಲ್ಲ.

4ನೇ ದಿನ: ಬೋಗುಣಿಗೆ ತೂತು

ಪಿಂಗಾಣಿಗೆ ಮಾಮೂಲಿ ಬಿಟ್ ಹಾಕಿದರೆ ಒಡೆಯುತ್ತದೆ. ಟೈಲ್ಸ್ ಕೊರೆಯುವ 12 ಮಿಲಿಮೀಟರ್ ಡೈಮಂಡ್ ಬಿಟ್ ತಂದೆ, ತುದಿಯಲ್ಲಿ ಟೊಳ್ಳು ಇರುವಂಥದ್ದು. ಬೋಗುಣಿಯನ್ನು ದಪ್ಪ ಟವೆಲ್ ಮೇಲೆ ಬೋರಲು ಹಾಕಿ, ತಳದ ನಡುವೆ ಟೇಪನ್ನು ಅಡ್ಡಡ್ಡ ಅಂಟಿಸಿದೆ. ಡ್ರಿಲ್‌ನ ಹ್ಯಾಮರ್ ಬಟನ್ ಬಂದಾಗಿದೆಯಾ ಅಂತ ಎರಡು ಸಲ ನೋಡಿದೆ.

ನೇರವಾಗಿ ಇಟ್ಟರೆ ಬಿಟ್ ನಯವಾದ ಮೇಲ್ಮೈ ಮೇಲೆ ಜಾರಿ ಓಡುತ್ತದೆ. ಅದಕ್ಕೆ ಸ್ವಲ್ಪ ಓರೆಯಾಗಿ ಹಿಡಿದು ಶುರು ಮಾಡಬೇಕು. ಅರ್ಧಚಂದ್ರದಂಥ ಗೀರು ಬಿದ್ದ ಮೇಲೆ ನಿಧಾನವಾಗಿ ನೆಟ್ಟಗೆ ಮಾಡಬೇಕು. ಬಾಟಲಿಯಿಂದ ಒಬ್ಬರು ನೀರು ಬಿಡುತ್ತಾ ಇರಬೇಕು, ಡ್ರಿಲ್‌ಗೆ ತಗುಲದ ಹಾಗೆ. ನಾನು ಬ್ಯಾಟರಿ ಡ್ರಿಲ್ ಬಳಸಿದ್ದು ಅದಕ್ಕೇ. ಬಿಳಿ ಹಿಟ್ಟಿನಂಥ ನೀರು ಹರಿಯುತ್ತಿದ್ದರೆ ಕೆಲಸ ಸಾಗುತ್ತಿದೆ ಅಂತ. ಒತ್ತಬಾರದು, ಡ್ರಿಲ್‌ನ ಭಾರವೇ ಸಾಕು. ಕೊನೆಯ ಗಳಿಗೆಯಲ್ಲಿ ಆತುರಪಟ್ಟು ಸ್ವಲ್ಪ ಒತ್ತಿದೆ. ಒಳಬದಿಯಲ್ಲಿ ಉಗುರಿನಷ್ಟು ಚಕ್ಕೆ ಹಾರಿತು. ಮಣ್ಣಿನಡಿ ಮುಚ್ಚಿಹೋಗುತ್ತದೆ ಬಿಡಿ. ಒಟ್ಟು ಹನ್ನೆರಡು ನಿಮಿಷ.

5ರಿಂದ 14ನೇ ದಿನ: ಸುಮ್ನೆ ಕಾಯುವುದು

ಕತ್ತರಿಸಿದ ಗಿಡಗಳನ್ನು ನೆರಳಲ್ಲಿ, ಗಾಳಿ ಆಡುವ ಕಡೆ ಒಣಗಲು ಬಿಟ್ಟೆ. ಗಾಯದ ಮೇಲೆ ಬೆಂಡಿನಂಥ ಗಟ್ಟಿ ಪೊರೆ ಕಟ್ಟಬೇಕು. ಹಸಿ ಗಾಯವನ್ನು ಮಣ್ಣಿಗೆ ಇಟ್ಟರೆ ಮತ್ತೆ ಕೊಳೆ. ಯೂಫೋರ್ಬಿಯಾದ ತುದಿಯನ್ನು ಮೊದಲು ನೀರಲ್ಲಿ ಅದ್ದಿ, ಹಾಲು ನಿಂತ ಮೇಲೆ ಒಣಗಿಸಿದೆ. ಇಲ್ಲದಿದ್ದರೆ ಹಾಲು ಒಣಗಿ ಗಾಯದ ಮೇಲೆ ರಬ್ಬರಿನಂಥ ಬಿರಡೆ ಆಗುತ್ತದೆ.

ಬೇರು ನೋಡುವಾಗ ಸಿಕ್ಕಿದ ಸಂಗತಿ: ಜೇಡ್ ಗಿಡದ ಬೇರಲ್ಲಿ ಹತ್ತಿಯಂಥ ಬಿಳಿ ಚುಕ್ಕಿಗಳು. ಬೇರಿಗೆ ಬರುವ ಹಿಟ್ಟುತಿಗಣೆ. ಮಣ್ಣೆಲ್ಲಾ ತೊಳೆದು, ಬೇರು ಸವರಿ, ಸ್ಪಿರಿಟ್ ಅದ್ದಿದ ಬ್ರಷ್‌ನಲ್ಲಿ ಒರೆಸಿದೆ. ಹಳೇ ಪೀಟ್ ಪೂರ್ತಿ ಎಸೆದೆ.

ಎಚೆವೇರಿಯಾದಿಂದ ಉದುರಿದ ನಾಲ್ಕು ಎಲೆಗಳನ್ನು ತಟ್ಟೆಯಲ್ಲಿಟ್ಟೆ. ಎಲೆಯಲ್ಲಿ ನೀರು ಇಡುವ ಎಚೆವೇರಿಯಾ, ಜೇಡ್‌ನಂಥವು ಒಂಟಿ ಎಲೆಯಿಂದಲೇ ಹೊಸ ಗಿಡ ಮಾಡುತ್ತವೆ. ಕ್ಯಾಕ್ಟಸ್‌ನ ಮುಳ್ಳು ಕಿತ್ತು ನೆಟ್ಟರೆ ಏನೂ ಬರುವುದಿಲ್ಲ. ಅದಕ್ಕೆ ದಿಂಬಿರುವ ಕಾಂಡದ ತುಂಡೇ ಬೇಕು.

15ನೇ ದಿನ: ಮತ್ತೆ ನೆಟ್ಟದ್ದು

ಮಿಶ್ರಣ: ಮೂರು ಪಾಲು ದಪ್ಪ ಮರಳು ಮತ್ತು ಪ್ಯೂಮಿಸ್ ಕಲ್ಲಿನ ಚೂರು, ಒಂದು ಪಾಲು ಗೊಬ್ಬರ. ಎರಡು ಮಿಲಿಮೀಟರ್ ಜರಡಿಯಲ್ಲಿ ಹಿಡಿದು ಕೆಳಗೆ ಬಿದ್ದ ದೂಳನ್ನೆಲ್ಲಾ ಬಿಸಾಕಿದೆ. ಈ ದೂಳೇ ಸಂದಿ ಮುಚ್ಚಿ ನೀರು ನಿಲ್ಲಿಸುವುದು. ಹೊಸ ಮಿಶ್ರಣದ ಮೇಲೆ ಲೋಟ ನೀರು ಸುರಿದರೆ ನಾಲ್ಕೈದು ಸೆಕೆಂಡಲ್ಲಿ ಕೆಳಗಿಂದ ಬಂತು. ತೂತಿನ ಮೇಲೆ ಸೊಳ್ಳೆಪರದೆಯ ತುಂಡು ಇಟ್ಟೆ, ಜಲ್ಲಿ ಇಲ್ಲ.

ಯಾರನ್ನು ಯಾರ ಜೊತೆ ಇಡುವುದು? ಕ್ಯಾಕ್ಟಸ್ ಎಲ್ಲಾ ಒಂದು ಕುಂಡಕ್ಕೆ, ಉಳಿದವು ಇನ್ನೊಂದಕ್ಕೆ ಅಂತ ಮೊದಲು ಬರೆದುಕೊಂಡಿದ್ದೆ. ಕೂತು ಯೋಚಿಸಿದಾಗ ಅದೂ ಕೆಲಸಕ್ಕೆ ಬರುವುದಿಲ್ಲ ಅನ್ನಿಸಿತು. ಎಲ್ಲಿ ಕತ್ತರಿಸಬೇಕು, ಯಾವುದರಿಂದ ಸಸಿ ಮಾಡಬೇಕು, ಯಾವುದಕ್ಕೆ ಹೆದರಬೇಕು, ಇಷ್ಟಕ್ಕೆಲ್ಲಾ ಕುಟುಂಬ ಗೊತ್ತಿರಬೇಕು. ನೀರು, ಬಿಸಿಲಿನ ಲೆಕ್ಕಕ್ಕೆ ಅದು ಹುಟ್ಟಿದ ಜಾಗ ಗೊತ್ತಿರಬೇಕು. ಗೋಲ್ಡನ್ ಬ್ಯಾರೆಲ್ ಮೆಕ್ಸಿಕೋದ ಬಂಡೆಗಾಡಿನದು, ಸುಡುಬಿಸಿಲು ಬೇಕು. ಡ್ರ್ಯಾಗನ್ ಫ್ರೂಟ್ ಮರ ಹತ್ತುವ ಬಳ್ಳಿ, ಅದಕ್ಕೆ ಸ್ವಲ್ಪ ಜಾಸ್ತಿ ನೀರು, ಸೋಸಿದ ಬಿಸಿಲು. ಇಬ್ಬರೂ ಕ್ಯಾಕ್ಟಸ್ಸೇ, ಆದರೆ ಒಂದೇ ಮನೆಯಲ್ಲಿ ಸಂಸಾರ ಸಾಗುವುದಿಲ್ಲ. ಹವೋರ್ತಿಯಾ ದಕ್ಷಿಣ ಆಫ್ರಿಕಾದಲ್ಲಿ ಪೊದೆಗಳ ನೆರಳಲ್ಲಿ ಬೆಳೆಯುವುದು. ಬ್ಯಾರೆಲ್‌ಗೆ ಹಿತವಾದ ಬಿಸಿಲಿಗೆ ಅದು ಕಂದಿ ಹೋಗುತ್ತದೆ.

ಹಾಗಾಗಿ ಬ್ಯಾರೆಲ್‌ಗೆ ಪುಟ್ಟ ಮಣ್ಣಿನ ಕುಂಡ, ಮೂನ್ ಕ್ಯಾಕ್ಟಸ್‌ಗೆ ಬೇರೆ, ಹವೋರ್ತಿಯಾಗೆ ಬೇರೆ. ಯೂಫೋರ್ಬಿಯಾಗೆ ಕೈಗೆ ಸುಲಭವಾಗಿ ಸಿಗದ ಎತ್ತರದ ಜಾಗ. ಒಂದೇ ಥರದ ಬಿಸಿಲು, ನೀರು ಕೇಳುವ ಎಚೆವೇರಿಯಾ ಮತ್ತು ಜೇಡ್ ಮಾತ್ರ ತೂತು ಬಿದ್ದ ಬೋಗುಣಿಗೆ ವಾಪಸ್ ಹೋದವು.

22ನೇ ದಿನ: ಮೊದಲ ನೀರು

ಬೇರಿರುವವಕ್ಕೆ ಮಾತ್ರ, ನೆಟ್ಟು ಒಂದು ವಾರ ಕಳೆದ ಮೇಲೆ, ಸಂಜೆ ಹೊತ್ತಲ್ಲಿ. ಹಗಲಿನ ಬಿಸಿ ಇಳಿದ ಮೇಲೆ ಹಾಕಿದರೆ ನೀರು ಆವಿಯಾಗುವುದು ಕಡಿಮೆ. ಈ ಗಿಡಗಳಿಗೂ ರಾತ್ರಿಯೇ ಬೆಳಗು. ಕ್ಯಾಕ್ಟಸ್ ಆಗಲಿ ಜೇಡ್ ಆಗಲಿ, ಉಸಿರಾಡುವ ರಂಧ್ರಗಳನ್ನು ರಾತ್ರಿ ತೆರೆಯುತ್ತವೆ. ಹಗಲು ತೆರೆದರೆ ನೀರು ಹಾರಿಹೋಗುತ್ತದಲ್ಲ. ರಾತ್ರಿ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಅದನ್ನು ಸಕ್ಕರೆ ಮಾಡುತ್ತವೆ. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ. ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞ ಭಾರತದಲ್ಲಿದ್ದಾಗ ಅದನ್ನು ಜಗಿದು ನೋಡಿ ಬರೆದ ಪತ್ರ 1815ರಲ್ಲಿ ಪ್ರಕಟವಾಗಿದೆ. ಇದೆಲ್ಲಾ ಬಾಯಿಗೆ ಹಾಕಿ ನೋಡುವ ಪ್ರಯೋಗ ಯೂಫೋರ್ಬಿಯಾ ಜೊತೆ ಬೇಡ.

ಈಗ ನೀರಿಗೆ ವಾರದ ಲೆಕ್ಕ ಬಿಟ್ಟಿದ್ದೇನೆ. ತಕ್ಕಡಿ ಇದೆ. ಬ್ಯಾರೆಲ್ ಕುಂಡ ನೀರು ಹಾಕಿ ಬಸಿದ ಮೇಲೆ 640 ಗ್ರಾಂ, ಪೂರ್ತಿ ಒಣಗಿದಾಗ 510. ಐನೂರ ಹತ್ತಕ್ಕೆ ಬಂದು ನಾಲ್ಕೈದು ದಿನ ಕಳೆಯುವವರೆಗೆ ಮುಟ್ಟುವುದಿಲ್ಲ.

41ನೇ ದಿನ

ಮೂನ್ ಕ್ಯಾಕ್ಟಸನ್ನು ಮೆಲ್ಲಗೆ ಎಳೆದೆ, ಬರಲಿಲ್ಲ. ಬೇರು ಬಿಟ್ಟಿದೆ. ಯೂಫೋರ್ಬಿಯಾ ಎಳೆದರೆ ಅಲ್ಲಾಡುತ್ತದೆ, ಆದರೆ ಮೆತ್ತಗಾಗಿಲ್ಲ. ಹವೋರ್ತಿಯಾದ ತುದಿಗಳು ಕೆಂಪಾಗಿದ್ದವು, ಕಿಟಕಿಯಿಂದ ಇನ್ನೊಂದು ಅಡಿ ಒಳಗೆ ಸರಿಸಿದೆ.

63ನೇ ದಿನ

ಬ್ಯಾರೆಲ್‌ನ ನೆತ್ತಿಯಲ್ಲಿ ಹೊಸ ದಿಂಬು ಎರಡು. ಲೆನ್ಸ್ ಹಿಡಿದರೆ ಉಣ್ಣೆಯೊಳಗಿಂದ ಎಳೆಮುಳ್ಳು ಮೊಳಕೆಯ ಹಾಗೆ ಬರುತ್ತಿವೆ. ಬುಡದಲ್ಲಿ ಕೆಂಪಗೆ, ತುದಿಯಲ್ಲಿ ಜೇನಿನ ಬಣ್ಣ, ಇನ್ನೂ ಎಷ್ಟು ಮೆತ್ತಗೆ ಅಂದರೆ ಬೆರಳಿಗೆ ಚುಚ್ಚುವುದಿಲ್ಲ. ತಟ್ಟೆಯ ನಾಲ್ಕು ಎಚೆವೇರಿಯಾ ಎಲೆಗಳಲ್ಲಿ ಮೂರಕ್ಕೆ ಗುಲಾಬಿ ಬಣ್ಣದ ಬೇರು, ಒಂದಕ್ಕೆ ಸಾಸಿವೆಯಷ್ಟು ದೊಡ್ಡ ಗಿಡ.

ಬೋಗುಣಿಯ ಪಕ್ಕದ ‘ಕ್ಯಾಕ್ಟಸ್ ಗಾರ್ಡನ್’ ಚೀಟಿಯನ್ನು ತೆಗೆದಿಲ್ಲ. ಒಳಗೆ ಈಗ ಒಂದು ಕ್ಯಾಕ್ಟಸ್ಸೂ ಇಲ್ಲ. ಬಂದವರಲ್ಲಿ ಯಾರಾದರೂ ಕೇಳುತ್ತಾರಾ ಅಂತ ನೋಡುತ್ತಿದ್ದೇನೆ. ಯೂಫೋರ್ಬಿಯಾವನ್ನು ಮುಂದಿನ ವಾರ ಮತ್ತೊಮ್ಮೆ ಎಳೆದು ನೋಡಬೇಕು, ಕೈಗವಸು ಹಾಕಿಕೊಂಡು.